ನಡುವರ್ಷದಲ್ಲಿ ಬರುವ ಮಕ್ಕಳು: ಮುಖ್ಯ ಶಿಕ್ಷಕರು ಮೊದಲ ದಿನ ಮಾಡಬೇಕಾದ್ದು

ಬೆಂಗಳೂರಿನ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ಜೂನ್‌ಗೆ ಮುಗಿಯುವುದಿಲ್ಲ. ದೀಪಾವಳಿ ಕಳೆದ ಮೇಲೂ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಮಕ್ಕಳನ್ನು ಕರೆದುಕೊಂಡು ಬರುತ್ತಲೇ ಇರುತ್ತಾರೆ. ಕೈಯಲ್ಲಿ ಟಿಸಿ (ಹಿಂದಿನ ಶಾಲೆಯ ವರ್ಗಾವಣೆ ಪತ್ರ) ಇರುವುದಿಲ್ಲ. ‘ಟಿಸಿ ತಗೊಂಡು ಬನ್ನಿ’ ಎಂದು ಕಳಿಸಿದರೆ ಆ ಮಗು ಮತ್ತೆ ಬರುವುದು ಅನುಮಾನ. ಊರಿಗೆ ಹೋಗಿಬರಲು ಅಪ್ಪನ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಉತ್ತರವಿದೆ. ಟಿಸಿ ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ (ಸೆಕ್ಷನ್ 5), ವಯಸ್ಸಿನ ದಾಖಲೆ ಇಲ್ಲವೆಂದು ನಿರಾಕರಿಸುವಂತಿಲ್ಲ (14), ತಡವಾಗಿ ಬಂದರೂ ಸೇರಿಸಿಕೊಳ್ಳಲೇಬೇಕು (15). ಮೊದಲು ಮಗು ತರಗತಿಯಲ್ಲಿ ಕೂರಲಿ, ಕಾಗದ ಆಮೇಲೆ.

ನಿಜವಾದ ತಲೆನೋವು ಸ್ಯಾಟ್ಸ್‌ನಲ್ಲಿ, ಅಂದರೆ ರಾಜ್ಯದ ಶಾಲಾ ಮಕ್ಕಳ ದಾಖಲೆ ಇಡುವ ಆನ್‌ಲೈನ್ ವ್ಯವಸ್ಥೆಯಲ್ಲಿ. ಅವಸರಕ್ಕೆ ಹೊಸ ಎಂಟ್ರಿ ಮಾಡಿದರೆ ಒಂದೇ ಮಗು ಎರಡು ಶಾಲೆಯ ಲೆಕ್ಕದಲ್ಲಿ ಕೂರುತ್ತದೆ, ಬಿಡಿಸಲು ತಿಂಗಳುಗಟ್ಟಲೆ ಓಡಾಟ. ಹಾಗಾಗಿ ಹಿಂದಿನ ಶಾಲೆಯ ಹೆಸರು, ಊರು, ತಾಲ್ಲೂಕು ಕೇಳಿಕೊಂಡು ಅಲ್ಲಿನ ಮುಖ್ಯ ಶಿಕ್ಷಕರಿಗೆ ಫೋನ್ ಮಾಡಿ. ಸ್ಯಾಟ್ಸ್ ನಂಬರ್ ಪಡೆದು, ಅವರಿಂದ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡಿಸಿಕೊಳ್ಳಿ. ಕೇಂದ್ರದ ಶಾಲಾ ದಾಖಲೆ ಪೋರ್ಟಲ್ ಯು-ಡೈಸ್ ಪ್ಲಸ್‌ನಲ್ಲೂ ಇದೇ ಕ್ರಮ: ಅವರು ಮಗುವನ್ನು ಡ್ರಾಪ್‌ಬಾಕ್ಸ್‌ಗೆ (ಶಾಲೆ ಬಿಟ್ಟವರ ಪಟ್ಟಿಗೆ) ಹಾಕಬೇಕು, ನೀವು ಪೆನ್ ನಂಬರ್ (ಆ ಪೋರ್ಟಲ್ ಕೊಡುವ ಕಾಯಂ ವಿದ್ಯಾರ್ಥಿ ಸಂಖ್ಯೆ) ಮತ್ತು ಹುಟ್ಟಿದ ದಿನಾಂಕ ಕೊಟ್ಟು ಎಳೆದುಕೊಳ್ಳಬೇಕು. ಇನಿಷಿಯಲ್ ಮುಂದೆಯೋ ಹಿಂದೆಯೋ, ಆಧಾರ್‌ನಲ್ಲಿ ಹೇಗಿದೆ ಎಂದು ಅಂದೇ ನೋಡಿ. ಅಪಾರ್ ಐಡಿ (ದೇಶದಾದ್ಯಂತ ಒಂದೇ ಆಗಿರುವ ವಿದ್ಯಾರ್ಥಿ ಗುರುತಿನ ಸಂಖ್ಯೆ) ಮಾಡುವಾಗ ನಿಂತುಹೋಗುವುದು ಇಲ್ಲಿಯೇ.

ತರಗತಿ ವಯಸ್ಸಿಗೆ ತಕ್ಕಂತೆ, ಅದರಲ್ಲಿ ಚರ್ಚೆ ಬೇಡ. ಆದರೆ ಓದು ಎಲ್ಲಿದೆ ಎಂಬುದನ್ನು ಹತ್ತು ನಿಮಿಷ ಕೂರಿಸಿಕೊಂಡು ನೋಡಲೇಬೇಕು. ಎರಡನೇ ತರಗತಿಯ ಪುಸ್ತಕ ಸಾಕು. ಮೊದಲ ಪಾಠ ತೆರೆಯಬೇಡಿ, ಬಹಳ ಮಕ್ಕಳಿಗೆ ಅದು ಬಾಯಿಪಾಠ. ನಡುವಿನ ಪುಟ ತೆಗೆದು, ಸಾಲಿನ ಮಧ್ಯದ ಒಂದು ಪದದ ಕೆಳಗೆ ಬೆರಳಿಡಿ. ‘ಮರ’, ‘ಕೋಳಿ’ ಸಲೀಸಾಗಿ ಓದಿದ ಮಗು ‘ವಸ್ತ್ರ’ದಲ್ಲಿ ನಿಂತರೆ ತೊಡಕು ಒತ್ತಕ್ಷರದ್ದು, ಕೆಲವು ವಾರಗಳ ಅಭ್ಯಾಸ ಸಾಕಾದೀತು. ‘ಕೋ’ದಲ್ಲೇ ನಿಂತರೆ ಕಾಗುಣಿತದಿಂದ ಆರಂಭಿಸಬೇಕು. ಒಂದರಿಂದ ಮೂರನೇ ತರಗತಿಯಾದರೆ ನಲಿ-ಕಲಿಯ (ಚಟುವಟಿಕೆಗಳ ಮೂಲಕ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಪದ್ಧತಿ) ಏಣಿಯಲ್ಲಿ ಮಗುವಿನ ಮೆಟ್ಟಿಲಿಗೇ ಕೂರಿಸಬಹುದು. ಕಷ್ಟವಿರುವುದು ಐದನೇ, ಆರನೇ ತರಗತಿಗೆ ಬಂದವರದ್ದು. ಅವರಿಗೆ ದಿನಕ್ಕೊಂದು ಪಿರಿಯಡ್ ಬೇರೆ ಕೂರಿಸುವುದನ್ನು ವೇಳಾಪಟ್ಟಿಯಲ್ಲೇ ಬರೆಯಿರಿ. ‘ಬಿಡುವಿದ್ದಾಗ ನೋಡೋಣ’ ಎಂದರೆ ಆ ಬಿಡುವು ಬರುವುದೇ ಇಲ್ಲ. ಮತ್ತೆ, ಮಗು ‘ಹೌದ್ರಿ ಸರ’ ಎಂದಾಗ ತರಗತಿ ನಗದಂತೆ ನೋಡಿಕೊಳ್ಳುವುದು ಶಿಕ್ಷಕರ ಕೆಲಸ. ಒಮ್ಮೆ ನಕ್ಕರೆ ಆ ಮಗು ವಾರವಿಡೀ ಬಾಯಿ ಬಿಡುವುದಿಲ್ಲ, ನಾವು ‘ಓದಲು ಬರುವುದಿಲ್ಲ’ ಎಂದು ಬರೆದುಕೊಳ್ಳುತ್ತೇವೆ.

ಅಂದಿನಿಂದಲೇ ಹೆಸರು ಹಾಜರಾತಿಯಲ್ಲಿರಲಿ. ಬಿಸಿಯೂಟದ ಲೆಕ್ಕ ಅದರ ಮೇಲೆಯೇ ನಿಂತಿದೆ: ಐದನೇ ತರಗತಿಯವರೆಗೆ ತಲೆಗೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150. ಕೇಂದ್ರ ಅಡುಗೆಮನೆಯಿಂದ ಊಟ ಬರುವ ಶಾಲೆಯಾದರೆ ಹೊಸ ಸಂಖ್ಯೆಯನ್ನು ಹಿಂದಿನ ದಿನವೇ ತಿಳಿಸದಿದ್ದರೆ ಕೊನೆಯ ಸಾಲಿನವರಿಗೆ ಸಾಂಬಾರ್ ಸಾಲುವುದಿಲ್ಲ.

ಈ ಮಕ್ಕಳು ಹೋಗುವುದೂ ಹೀಗೆಯೇ, ಹೇಳದೆ ಕೇಳದೆ. ಸೈಟ್ ಮುಗಿದರೆ ರಾತ್ರೋರಾತ್ರಿ ಶೆಡ್ ಖಾಲಿ. ಸೇರಿಸಿಕೊಂಡ ದಿನವೇ ಸ್ಯಾಟ್ಸ್ ಮತ್ತು ಪೆನ್ ನಂಬರ್ ಬರೆದ ಚೀಟಿಯನ್ನು ಅಮ್ಮನ ಮೊಬೈಲಿನಲ್ಲಿ ಫೋಟೋ ತೆಗೆಸಿಡಿ. ಸಿಮ್ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಊರಿನ ಅಜ್ಜಿಯದ್ದೋ ಚಿಕ್ಕಪ್ಪನದ್ದೋ ಒಂದು ನಂಬರ್, ಮೇಸ್ತ್ರಿಯದ್ದೊಂದು ಬರೆದಿಟ್ಟುಕೊಳ್ಳಿ. ಮುಂದಿನ ಶಾಲೆಯವರು ಫೋನ್ ಮಾಡಿದರೆ ಅಂದೇ ಟಿಸಿ ಕೊಡಿ, ‘ಪಾಲಕರೇ ಬರಲಿ’ ಎಂದು ಕಾಯಿಸಬೇಡಿ. ಟಿಸಿ ತಡಮಾಡಿದ ಮುಖ್ಯ ಶಿಕ್ಷಕರ ಮೇಲೆ ಶಿಸ್ತು ಕ್ರಮಕ್ಕೂ ಸೆಕ್ಷನ್ 5ರಲ್ಲೇ ಅವಕಾಶವಿದೆ.