ಫಿಲಡೆಲ್ಫಿಯಾದ ಅರುಳಪ್ಪ

ಅಮ್ಮ ಬೆಂಗಳೂರಿನಿಂದ ಮೂರು ತಿಂಗಳಿಗೆ ಅಂತ ಬಂದಿದ್ದಾಳೆ. ಬಂದ ವಾರವೇ ಲಿಬರ್ಟಿ ಬೆಲ್ ತೋರಿಸಿದೆ. ಸೀಳು ಬಿಟ್ಟ ಗಂಟೆ ನೋಡೋಕೆ ಇಷ್ಟುದ್ದ ಕ್ಯೂ ಯಾಕೆ ಅಂದಳು. ಆರ್ಟ್ ಮ್ಯೂಸಿಯಂ ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ, ಮಂಡಿ ನೋವು ಅಂತ ಕೆಳಗಡೆನೇ ಕೂತಳು. ಕೊನೆಗೆ ಒಂದು ಶನಿವಾರ ಗಿರಾರ್ಡ್ ಅವೆನ್ಯೂ ಪಕ್ಕದ ಸೇಂಟ್ ಪೀಟರ್ ಚರ್ಚಿಗೆ ಹೋದೆವು. ಅಲ್ಲಿ ಮಾತ್ರ ಒಂದೂವರೆ ಗಂಟೆ ಎದ್ದು ಬರಲೇ ಇಲ್ಲ.

ಆ ಚರ್ಚಿನ ಕೆಳಗಿನ ಅಂತಸ್ತಿನಲ್ಲಿ, ಪೂಜೆಯ ಪೀಠದ ಅಡಿಗೆ, ಗಾಜಿನ ಪೆಟ್ಟಿಗೆಯೊಳಗೆ ಒಬ್ಬ ಬಿಷಪ್ಪರು ಮಲಗಿದ್ದಾರೆ. ಮೈಮೇಲೆ ಪೂಜೆಯ ಉಡುಪು, ಮುಖಕ್ಕೆ ಮೇಣದ ಮುಖವಾಡ. ಹೆಸರು ಜಾನ್ ನ್ಯೂಮನ್. (ಇಂಗ್ಲೆಂಡಿನ ಕಾರ್ಡಿನಲ್ ನ್ಯೂಮನ್ ಬೇರೆ, ಇವರೇ ಬೇರೆ. ಇಲ್ಲಿನವರೇ ಎಷ್ಟೋ ಜನ ಗೊಂದಲ ಮಾಡಿಕೊಳ್ಳುತ್ತಾರೆ.) ಅಮ್ಮ ಪೆಟ್ಟಿಗೆಯ ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದಳು. "ಕುಳ್ಳಗಿದ್ದಾರಲ್ಲೋ, ನಮ್ಮಪ್ಪನ ಥರ." ನಿಜ, 5 ಅಡಿಯ ಮೇಲೆ ಎರಡೋ ಮೂರೋ ಅಂಗುಲ ಅಷ್ಟೇ. "ಏನು ಹೆಸರು ಅಂದೆ?" ಜಾನ್ ಅಂದೆ. "ಹಾಗಾದ್ರೆ ಅರುಳಪ್ಪ ಅನ್ನು."

ನಮ್ಮ ಮನೆಯಲ್ಲಿ ಅಜ್ಜಿ ಕಾಲದಿಂದಲೂ ಸಂತರಿಗೆಲ್ಲ ಊರಿನ ಹೆಸರೇ. ಪೀಟರ್ ಅಂದರೆ ರಾಯಪ್ಪ, ಪೌಲ್ ಅಂದರೆ ಚಿನ್ನಪ್ಪ, ಇಗ್ನೇಷಿಯಸ್ ಇನ್ನಾಸಪ್ಪ, ಕ್ಸೇವಿಯರ್ ಚೌರಪ್ಪ. ಜಾನ್ ಅಂದರೆ ಅರುಳಪ್ಪ. ತಮಿಳು ಕಡೆಯಿಂದ ಬಂದು ಕನ್ನಡದ ನಾಲಿಗೆಗೆ ಹೊಂದಿಕೊಂಡ ಹೆಸರುಗಳು ಇವು. ಬೆಂಗಳೂರಿನ ಕ್ಲೀವ್‌ಲ್ಯಾಂಡ್ ಟೌನಿನ ಕ್ಸೇವಿಯರ್ ಕಥೀಡ್ರಲ್ ಅಜ್ಜಿಯ ಬಾಯಲ್ಲಿ ಕೊನೆಯವರೆಗೂ ಚೌರಪ್ಪನ ಗುಡಿಯೇ ಆಗಿತ್ತು. ಹಾಗಾಗಿ ಇಲ್ಲಿನ ದೊಡ್ಡ ಕಥೀಡ್ರಲ್ ಸೇಂಟ್ಸ್ ಪೀಟರ್ ಅಂಡ್ ಪೌಲ್ ಅಂದಾಗ ಅಮ್ಮನಿಗೆ ಅದು ರಾಯಪ್ಪ ಚಿನ್ನಪ್ಪನ ಗುಡಿ ಆಗಿಬಿಟ್ಟಿತು. ಊಬರ್ ಡ್ರೈವರ್‌ಗೆ ಹಾಗೇ ಹೇಳೋಕೆ ಹೋಗಿದ್ದಳು, ನಾನು ತಡೆದೆ.

ಈ ಅರುಳಪ್ಪನವರು ಹುಟ್ಟಿದ್ದು 1811ರ ಮಾರ್ಚ್ 28ರಂದು, ಬೊಹೆಮಿಯಾದ ಪ್ರಾಖಾಟಿಟ್ಸೆ ಅನ್ನೋ ಊರಿನಲ್ಲಿ, ಅಂದರೆ ಇವತ್ತಿನ ಚೆಕ್ ದೇಶ. ಅಪ್ಪ ಜರ್ಮನ್ ಮಾತಿನವರು, ಕಾಲುಚೀಲ ನೇಯುವ ಕಸುಬು. ಅಮ್ಮ ಚೆಕ್. ಪ್ರಾಗ್‌ನಲ್ಲಿ ಗುರುಪಟ್ಟಕ್ಕೆ, ಅಂದರೆ ಪಾದ್ರಿಯಾಗೋಕೆ, ಓದು ಮುಗಿಸಿದರು. ಆದರೆ ಅವರ ಮೇತ್ರಾಸನದಲ್ಲಿ (ಒಬ್ಬ ಬಿಷಪ್ಪರ ಕೈಕೆಳಗಿನ ಸೀಮೆ, ಇಂಗ್ಲಿಷಿನಲ್ಲಿ ಡಯಾಸಿಸ್) ಆಗಲೇ ಪಾದ್ರಿಗಳು ಜಾಸ್ತಿ, ಪಟ್ಟ ಮುಂದಕ್ಕೆ ಹೋಯಿತು. ಕೆಲಸ ಇಲ್ಲದೆ ಅಮೆರಿಕಕ್ಕೆ ಹೊರಟರು ಅನ್ನಿ, ನಮ್ಮ ಥರಾನೇ. 1836ರಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಜೇಬಲ್ಲಿ ಒಂದು ಡಾಲರ್, ಮೈಮೇಲೆ ಒಂದು ಜೊತೆ ಬಟ್ಟೆ ಇತ್ತು ಅಂತಾರೆ. ನಾನು ಇಳಿದಾಗ ಎರಡು ಸೂಟ್‌ಕೇಸ್, ಒಂದರಲ್ಲಿ ಬರೀ ಎಂಟಿಆರ್ ಪುಡಿಗಳು ಮತ್ತು ಕುಕ್ಕರ್. ಹೋಲಿಕೆ ಬೇಡ ಬಿಡಿ.

ಅಲ್ಲಿನ ಬಿಷಪ್ಪರಿಗೆ ಪಾದ್ರಿಗಳ ಕೊರತೆ ಎಷ್ಟಿತ್ತೆಂದರೆ ಕೆಲವೇ ವಾರಗಳಲ್ಲಿ, ಜೂನ್ 25ಕ್ಕೆ, ಪಟ್ಟ ಕೊಟ್ಟು ಬಫಲೋ ಕಡೆಯ ಕಾಡಿಗೆ ಕಳಿಸಿಬಿಟ್ಟರು. ನಯಾಗರ ಜಲಪಾತದ ಸುತ್ತಮುತ್ತ, ಜರ್ಮನ್ ರೈತರ ನಡುವೆ. ಕುದುರೆ ಮೇಲೆ ಕೂತರೆ ಕಾಲು ರಿಕಾಪಿಗೆ ಎಟುಕುತ್ತಿರಲಿಲ್ಲವಂತೆ. 1840ರಲ್ಲಿ ರಿಡೆಂಪ್ಟರಿಸ್ಟ್ ಅನ್ನೋ ಸನ್ಯಾಸಿ ಪಾದ್ರಿಗಳ ಸಭೆಗೆ ಸೇರಿದರು. ನಮ್ಮ ಬೆಂಗಳೂರಿನ ಡೇವಿಸ್ ರೋಡಿನ ಹೋಲಿ ಗೋಸ್ಟ್ ಚರ್ಚ್ ಇದೆಯಲ್ಲ, ಅದೂ ಇದೇ ಸಭೆಯವರದ್ದು. ಅದನ್ನು ಕೇಳಿದ ಮೇಲಂತೂ ಅಮ್ಮನಿಗೆ ಇವರು ನೆಂಟರೇ ಆಗಿಹೋದರು.

ಬಿಷಪ್ ಆಗುವುದು ಅವರಿಗೆ ಬೇಕಿರಲಿಲ್ಲ. ಬಾಲ್ಟಿಮೋರಿನ ಆರ್ಚ್‌ಬಿಷಪ್ ಕೆನ್ರಿಕ್ ಅವರು ಇವರ ಹೆಸರನ್ನು ರೋಮಿಗೆ ಕಳಿಸಿದ್ದರು. ಒಂದು ಸಂಜೆ ನ್ಯೂಮನ್ ತಮ್ಮ ಕೋಣೆಗೆ ಬಂದು ನೋಡಿದರೆ ಮೇಜಿನ ಮೇಲೆ ಒಂದು ಉಂಗುರ, ಒಂದು ಎದೆಶಿಲುಬೆ. ಎರಡೂ ಬಿಷಪ್ಪರ ಗುರುತು. ಯಾರು ಬಂದಿದ್ದರು ಅಂತ ಕೇಳಿದರೆ ಆರ್ಚ್‌ಬಿಷಪ್ಪರು ಅಂದರಂತೆ. ಅಷ್ಟೇ. ಬಾಗಿಲು ಹಾಕಿಕೊಂಡು ಮೊಣಕಾಲೂರಿದವರು ಬೆಳಗಾದಾಗಲೂ ಹಾಗೇ ಇದ್ದರು ಅನ್ನೋದು ಇಲ್ಲಿ ಹೇಳುವ ಕಥೆ. 1852ರ ಮಾರ್ಚ್ 28, ಅವರ 41ನೇ ಹುಟ್ಟುಹಬ್ಬದ ದಿನವೇ ಅಭಿಷೇಕ. ಫಿಲಡೆಲ್ಫಿಯಾದ ನಾಲ್ಕನೇ ಬಿಷಪ್.

ಊರು ಆಗಷ್ಟೇ ಸುಟ್ಟು ತಣ್ಣಗಾಗಿತ್ತು. 1844ರಲ್ಲಿ ಇಲ್ಲಿ ದೊಡ್ಡ ಗಲಭೆ ನಡೆದಿತ್ತು. ಹೊರಗಿನಿಂದ ಬಂದ ಐರಿಷ್ ಕ್ಯಾಥೊಲಿಕರ ಮೇಲೆ ಸಿಟ್ಟು. ಸರ್ಕಾರಿ ಶಾಲೆಯಲ್ಲಿ ಮಕ್ಕಳು ಕ್ಯಾಥೊಲಿಕರ ಬೈಬಲ್ ಓದಬೇಕೋ ಪ್ರೊಟೆಸ್ಟೆಂಟರದ್ದೋ ಅನ್ನೋ ಜಗಳವೂ ಅದರೊಳಗೆ ಸೇರಿಕೊಂಡು ಸೇಂಟ್ ಮೈಕೆಲ್, ಸೇಂಟ್ ಆಗಸ್ಟೀನ್ ಎರಡು ಚರ್ಚುಗಳಿಗೆ ಬೆಂಕಿ ಬಿತ್ತು. ನಮ್ಮ ಮಕ್ಕಳಿಗೆ ನಮ್ಮದೇ ಶಾಲೆ ಅಂತ ನ್ಯೂಮನ್ ಹಟ ಹಿಡಿದದ್ದು ಅದಕ್ಕೇ. ಇಡೀ ಡಯಾಸಿಸಿಗೆ ಒಂದೇ ಶಾಲಾ ಮಂಡಳಿ ಮಾಡಿ, ವರ್ಷ ವರ್ಷ ಶಾಲೆ ತೆರೆಯುತ್ತಾ ಹೋದರು. ಬೆಂಗಳೂರಿನಲ್ಲಿ ಕಾನ್ವೆಂಟ್ ಸೀಟಿಗೆ ರಾತ್ರಿಯಿಡೀ ಕ್ಯೂ ನಿಂತ ಅಪ್ಪ ಅಮ್ಮಂದಿರಿಗೆ, ಪ್ಯಾರಿಷ್ ಶಾಲೆ ಅನ್ನೋದು ಇಲ್ಲಿ ಬಡ ವಲಸಿಗರ ಮಕ್ಕಳಿಗೆ ಶುರುವಾದದ್ದು ಅಂದರೆ ನಗು ಬರಬಹುದು.

ಆದರೆ ಇದನ್ನೆಲ್ಲ ಬರೆಯೋಕೆ ಕೂತಿದ್ದು ಶಾಲೆಗಾಗಿ ಅಲ್ಲ, ಭಾಷೆಗಾಗಿ.

ಊರಿನ ದೊಡ್ಡವರಿಗೆ ಈ ಬಿಷಪ್ ಹಿಡಿಸಿರಲಿಲ್ಲ. ಕುಳ್ಳ, ಮಾತು ಸಪ್ಪೆ, ಇಂಗ್ಲಿಷಿನಲ್ಲಿ ಜರ್ಮನ್ ವಾಸನೆ. (ಆಫೀಸಿನ ಮೀಟಿಂಗಿನಲ್ಲಿ "ಇನ್ನೊಮ್ಮೆ ಹೇಳ್ತೀರಾ" ಅಂತ ಕೇಳಿಸಿಕೊಂಡವರಿಗೆ ಇದು ಅರ್ಥವಾಗುತ್ತೆ.) ತನ್ನನ್ನು ಯಾವುದಾದರೂ ಚಿಕ್ಕ ಡಯಾಸಿಸಿಗೆ ಹಾಕಿ ಅಂತ ಅವರೇ ಕೇಳಿಕೊಂಡಿದ್ದರು. ಆದರೆ ಹಳ್ಳಿ, ಕಲ್ಲಿದ್ದಲ ಗಣಿ ಕಡೆ ಹೋದರೆ ಕಥೆಯೇ ಬೇರೆ. ಒಂದೂರಲ್ಲಿ ಬಿಷಪ್ಪರನ್ನು ಕರೆತರೋಕೆ ಸಿಕ್ಕಿದ್ದು ಗೊಬ್ಬರದ ಗಾಡಿ. ಅದರ ಮೇಲೆ ಹಲಗೆ ಹಾಕಿ ಕೂರಿಸಿದರು. ಬಿಷಪ್ಪರಿಗೆ ಇಂಥ ಮೆರವಣಿಗೆ ನೋಡಿದ್ದೀರಾ ಅಂತ ತಾವೇ ನಗಾಡಿದರಂತೆ. ಗಣಿಯಲ್ಲಿ ದುಡಿಯುತ್ತಿದ್ದವರಲ್ಲಿ ಬರಗಾಲಕ್ಕೆ ಊರು ಬಿಟ್ಟು ಬಂದ ಐರಿಷರು ಎಷ್ಟೋ ಜನ, ಅದರಲ್ಲಿ ಕೆಲವರಿಗೆ ಇಂಗ್ಲಿಷೇ ಬರದು. ಪಾಪನಿವೇದನೆ, ಅಂದರೆ ಮಾಡಿದ ತಪ್ಪನ್ನೆಲ್ಲ ಪಾದ್ರಿಯ ಕಿವಿಗೆ ಹೇಳಿ ಕ್ಷಮೆ ಬೇಡೋದು, ಯಾರ ಹತ್ತಿರ ಮಾಡಬೇಕು? ಜರ್ಮನ್, ಚೆಕ್, ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಎಲ್ಲ ಬರುತ್ತಿದ್ದ ಈ ಬಿಷಪ್, ನಲವತ್ತು ದಾಟಿದ ಮೇಲೆ ಕೂತು ಐರಿಷ್ ಕಲಿತರು. ಪಾಪನಿವೇದನೆ ಕೇಳುವಷ್ಟು ಕಲಿತರು. ಒಬ್ಬ ಮುದುಕಿ ಹೊರಗೆ ಬಂದು, ಸದ್ಯ ನಮಗೂ ಒಬ್ಬ ಐರಿಷ್ ಬಿಷಪ್ ಸಿಕ್ಕರಲ್ಲ ಅಂತ ದೇವರಿಗೆ ಕೈ ಮುಗಿದಳಂತೆ. ಇಟಾಲಿಯನ್ನರಿಗೂ ಅಷ್ಟೇ, ಅವರಿಗೇ ಅಂತ ಒಂದು ಧರ್ಮಕೇಂದ್ರ ಮಾಡಿಕೊಟ್ಟರು, ಅಮೆರಿಕದಲ್ಲಿ ಅಂಥದ್ದು ಅದೇ ಮೊದಲು.

ಈ ಮುದುಕಿಯ ಕಥೆ ಕೇಳಿ ಅಮ್ಮ ಸುಮ್ಮನಾದಳು. ನನಗೆ ಗೊತ್ತಿತ್ತು ಯಾಕೆ ಅಂತ.

ನಮ್ಮಜ್ಜಿಗೆ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ಬೆಂಗಳೂರಿನವಳೇ, ಆದರೆ ಚರ್ಚಿನಲ್ಲಿ ಮಾತ್ರ ಪರದೇಶಿ. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಜಗಳ ಇರಲಿಲ್ಲ. 1960ರ ದಶಕದಲ್ಲಿ ಬಿಷಪ್ಪರೆಲ್ಲ ರೋಮಿನಲ್ಲಿ ಸೇರಿದ ಎರಡನೇ ವ್ಯಾಟಿಕನ್ ಸಭೆ ಆದಮೇಲೆ ಊರಿನ ಭಾಷೆಯಲ್ಲಿ ಪೂಜೆ ಅಂತಾಯಿತು. ಬೆಂಗಳೂರಲ್ಲಿ ಊರಿನ ಭಾಷೆ ಯಾವುದು ಅನ್ನೋದೇ ದೊಡ್ಡ ಗಲಾಟೆ. ಇಂಗ್ಲಿಷ್, ತಮಿಳು, ಕೊಂಕಣಿ, ಕನ್ನಡ. ನಮ್ಮ ಚರ್ಚಿನಲ್ಲಿ ಕನ್ನಡದ ಪೂಜೆ ಬೆಳಗಿನ ಐದೂವರೆಗೆ ಇತ್ತು, ಅಜ್ಜಿ ಸ್ವೆಟರ್ ಹಾಕಿಕೊಂಡು ಕತ್ತಲಲ್ಲಿ ಹೋಗುತ್ತಿದ್ದಳು. ಕೊನೆಯ ವರ್ಷಗಳಲ್ಲಿ ಇದ್ದ ಸ್ವಾಮಿಯವರಿಗೆ ಕನ್ನಡ ಅಷ್ಟಕ್ಕಷ್ಟೇ. ಒಂದು ಸಲ ಪಾಪನಿವೇದನೆ ಅರ್ಧದಲ್ಲಿರುವಾಗಲೇ ಮುಂದಿನವರನ್ನು ಕರೆದರು. ಅಜ್ಜಿ ಮನೆಗೆ ಬಂದು, "ಇನ್ನೂ ಎರಡು ಪಾಪ ಉಳ್ಕೊಂಡಿತ್ತಲ್ಲೇ" ಅಂತ ಅಮ್ಮನ ಹತ್ತಿರ ಹೇಳಿ ಅತ್ತಳು. ನಾನು ಆಗ ಒಂಬತ್ತನೇ ಕ್ಲಾಸು, ನಕ್ಕುಬಿಟ್ಟಿದ್ದೆ. ಅಮ್ಮ ಕೆನ್ನೆಗೆ ಬಾರಿಸಿದ್ದಳು.

ಹಾಗಂತ ನಮ್ಮಲ್ಲಿ ಕಲಿತವರು ಇರಲಿಲ್ಲ ಅಂತಲ್ಲ. ನ್ಯೂಮನ್ ಇಲ್ಲಿ ಐರಿಷ್ ತಿದ್ದುತ್ತಿದ್ದ ಕಾಲದಲ್ಲೇ ಮೈಸೂರು ಸೀಮೆಗೆ ಶಾರ್ಬೊನೋ ಅಂತ ಫ್ರೆಂಚ್ ಬಿಷಪ್ ಇದ್ದರು. ಅವರು ಮಾಡಿದ ಲ್ಯಾಟಿನ್ ಕನ್ನಡ ನಿಘಂಟು 1861ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ಸಮುದ್ರ ದಾಟಿ ಬಂದವರು ನಿಘಂಟು ಬರೆದರು, ಪಕ್ಕದ ಜಿಲ್ಲೆಯಿಂದ ಬಂದವರಿಗೆ ಟೈಮ್ ಸಿಗಲಿಲ್ಲ. ನನ್ನ ಹೊಟ್ಟೆಯುರಿ ಇಷ್ಟೇ. ಈಗ ಎಷ್ಟೋ ಕಡೆ ಕನ್ನಡದ ಪೂಜೆ ಒಳ್ಳೆ ಹೊತ್ತಲ್ಲಿ, ಒಳ್ಳೆ ಹಾಡಿನ ಜೊತೆ ನಡೆಯುತ್ತೆ ಅನ್ನೋದನ್ನೂ ಹೇಳಬೇಕು.

ನ್ಯೂಮನ್ ತೀರಿಕೊಂಡದ್ದು 1860ರ ಜನವರಿ 5ರಂದು, ರಸ್ತೆಯಲ್ಲಿ. ಏನೋ ಕೆಲಸದ ಮೇಲೆ ಹೊರಗೆ ಹೋದವರು ವೈನ್ ಸ್ಟ್ರೀಟಿನಲ್ಲಿ ಕುಸಿದುಬಿದ್ದರು. ಯಾರದೋ ಮನೆಯೊಳಗೆ ಎತ್ತಿಕೊಂಡು ಹೋಗುವಷ್ಟರಲ್ಲಿ ಮುಗಿದಿತ್ತು. 48 ವರ್ಷ. ಕಟ್ಟಿಸುತ್ತಿದ್ದ ಕಥೀಡ್ರಲ್ ಮುಗಿದದ್ದು 1864ರಲ್ಲಿ, ಅದನ್ನು ಅವರು ನೋಡಲಿಲ್ಲ. 1977ರಲ್ಲಿ ಆರನೇ ಪೌಲ್ ಪೋಪರು ಸಂತ ಪದವಿ ಕೊಟ್ಟರು, ಅಮೆರಿಕದ ಬಿಷಪ್ಪರಲ್ಲಿ ಮೊದಲನೆಯವರು. ವೈನ್ ಸ್ಟ್ರೀಟ್ ಪಕ್ಕದಲ್ಲೇ ಈಗ ಹೈವೇ ಹಾದುಹೋಗುತ್ತೆ. ನಾನು ದಿನಾ ಆಫೀಸಿಗೆ ಹೋಗೋದು ಅದರಲ್ಲೇ, ಟ್ರಾಫಿಕ್ಕಿನಲ್ಲಿ ಸಿಲ್ಕ್ ಬೋರ್ಡ್ ನೆನಪಾಗುತ್ತೆ ಹೊರತು ಸಂತರು ನೆನಪಾಗಿದ್ದು ಕಡಿಮೆ.

ಆ ಶನಿವಾರ ವಾಪಸ್ ಬರುವಾಗ ಅಮ್ಮ ಕಾರಿನಲ್ಲಿ ಕೇಳಿದಳು, ನಾನು ಇಲ್ಲಿ ಪಾಪನಿವೇದನೆ ಮಾಡಬಹುದಾ ಅಂತ. ಎರಡು ತಿಂಗಳಾಯಿತಂತೆ. ನಮ್ಮ ಮನೆ ಹತ್ತಿರದ ಚರ್ಚಿನಲ್ಲಿ ಒಬ್ಬ ವಯಸ್ಸಾದ ಪಾದ್ರಿ ಇದ್ದಾರೆ. ಅವರಿಗೆ ವಿಷಯ ಹೇಳಿದೆ, ಬೇಕಾದರೆ ನಾನೇ ಅನುವಾದ ಮಾಡುತ್ತೇನೆ ಅಂದೆ. ಅಮ್ಮ ಸಿಡಿದೆದ್ದಳು, "ನನ್ನ ಪಾಪ ನಿನಗ್ಯಾಕೆ ಕೇಳಿಸಬೇಕು?" ಪಾದ್ರಿ ನಕ್ಕು, ಆಕೆ ತನ್ನ ಭಾಷೆಯಲ್ಲೇ ಹೇಳಲಿ, ನಾನು ಕೂತಿರುತ್ತೇನೆ ಅಂದರು.

ನಾನು ಹೊರಗೆ ಬೆಂಚಿನಲ್ಲಿ ಕೂತೆ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಒಳಗಿನಿಂದ ಅಮ್ಮನ ದನಿ ಮಾತ್ರ ಸಣ್ಣಗೆ, ಒಂದೇ ಸಮನೆ. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಹೊರಗೆ ಬಂದಳು. ಎಲ್ಲಾ ಹೇಳಿದ್ಯಾ ಅಂದೆ. "ಎಲ್ಲಾ. ಒಂದೂ ಉಳಿಸಲಿಲ್ಲ." ಪ್ರಾಯಶ್ಚಿತ್ತ ಏನು ಕೊಟ್ಟರು ಅಂದೆ.

"ಮೂರು ಬೆರಳು ತೋರಿಸಿದರಪ್ಪ. ಪುಟ್ಟ ಪ್ರಾರ್ಥನೆ ನಮೋ ಮರಿಯಾ ಮೂರೋ, ಮಣಿ ಎಣಿಸ್ತಾ ಹೇಳೋ ಪೂರ್ತಿ ಜಪಸರ ಮೂರೋ ಗೊತ್ತಾಗಲಿಲ್ಲ. ಯಾಕೆ ತಕರಾರು, ಮೂರು ಜಪಸರನೇ ಹೇಳ್ತೀನಿ. ನೀನು ಮನೆಗೆ ಹೋಗಿ ಅನ್ನಕ್ಕಿಡು, ಆಮೇಲೆ ಬಂದು ಕರ್ಕೊಂಡು ಹೋಗು."