ದಾಸಢುಂಗಾ ದಾಟುವಾಗ
ಕಾಠ್ಮಂಡು, 14 ನವೆಂಬರ್ 2024, ರಾತ್ರಿ

ಸೌರಾಹದಿಂದ ಬಸ್ಸಿನಲ್ಲಿ ಕೂತು ಕೂತು ಸೊಂಟ ಬಿದ್ದುಹೋಗಿದೆ. ಊಟವೂ ಬೇಡ ಅನ್ನಿಸಿತು. ಆದರೆ ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ನಾರಾಯಣಘಾಟ್ ಬಿಟ್ಟ ಮೇಲೆ ರಸ್ತೆಯ ಪಕ್ಕದಲ್ಲೇ ತ್ರಿಶೂಲಿ. ನನ್ನ ಪಕ್ಕದ ದೀದಿ ಅಲ್ಲಿಯವರೆಗೆ ಸುಮ್ನೆ ಕಿತ್ತಳೆ ಸುಲಿಯುತ್ತಾ ಕೂತಿದ್ದರು. ದಾಸಢುಂಗಾ ಬಂದಾಗ ಸಿಪ್ಪೆ ಹಿಡಿದ ಕೈಯನ್ನೇ ಕಿಟಕಿಯತ್ತ ಚಾಚಿ, "ಮದನ್ ಭಂಡಾರಿ ಜೀಪು ಬಿದ್ದದ್ದು ಇಲ್ಲೇ, ಬಹಿನಿ" ಅಂದರು. ಅವರದೂ ಹರಕು ಹಿಂದಿ, ನನ್ನದೂ ಹಾಗೇ. ನೇಪಾಳದ ಕಮ್ಯುನಿಸ್ಟ್ ನಾಯಕ ಮದನ್ ತೀರಿಹೋದದ್ದು 1993ರ ಮೇ 16ರಂದು. ಜತೆಗಿದ್ದ ಅದೇ ಪಕ್ಷದ ಜೀವರಾಜ್ ಆಶ್ರಿತ್ ಕೂಡ ಹೋದರು. ಉಳಿದದ್ದು ಡ್ರೈವರ್ ಒಬ್ಬನೇ. ಅದು ಬರೀ ಅಪಘಾತ ಅಂದರೆ ದೀದಿ ಈಗಲೂ ಒಪ್ಪುವುದಿಲ್ಲ.

ನನಗೆ ನೆನಪಾದದ್ದು ಮದನ್ ಅವರ ಹೆಂಡತಿ. ವಿದ್ಯಾ ದೇವಿ ಭಂಡಾರಿ, ಇಲ್ಲಿಯವರ ಬಾಯಲ್ಲಿ ಬಿದ್ಯಾ. ಆಗ 31 ವರ್ಷ, ಎರಡು ಪುಟ್ಟ ಹೆಣ್ಣುಮಕ್ಕಳು. ಮರುವರ್ಷವೇ ಕಾಠ್ಮಂಡುವಿನ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಕೃಷ್ಣ ಪ್ರಸಾದ್ ಭಟ್ಟರಾಯ್ ಅವರನ್ನೇ ಸೋಲಿಸಿದರು. ಕನಿಕರದ ವೋಟು ಅಂತ ಜನ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಭೋಜ್‌ಪುರದ ಆ ಹುಡುಗಿ ಮದುವೆಗೆ ಮುಂಚೆಯೇ, ಪಕ್ಷಗಳಿಗೆ ನಿಷೇಧವಿದ್ದ ಪಂಚಾಯತ್ ಕಾಲದಲ್ಲೇ, ಎಡಪಂಥೀಯ ವಿದ್ಯಾರ್ಥಿ ಚಳವಳಿಗೆ ಇಳಿದವರು.

ಆಮೇಲೆ ಮಂತ್ರಿಯಾದರು. 2009ರಲ್ಲಿ ರಕ್ಷಣಾ ಖಾತೆ, 2015ರಲ್ಲಿ ದೇಶದ ಮೊದಲ ಮಹಿಳಾ ರಾಷ್ಟ್ರಪತಿ. ಅದೆಲ್ಲ ಇರಲಿ. ನನಗೆ ಎಲ್ಲಕ್ಕಿಂತ ದೊಡ್ಡದು 2006ರ ಮೇ 30. ಅವತ್ತು ಅವರು ಮಂಡಿಸಿದ ನಿರ್ಣಯ ಸಂಸತ್ತಿನಲ್ಲಿ ಪಾಸಾಯಿತು. ಸರ್ಕಾರದ ಎಲ್ಲ ಅಂಗಗಳಲ್ಲೂ ಹೆಂಗಸರಿಗೆ ಶೇ. 33 ಜಾಗ, ತಾಯಿಯ ಹೆಸರಿನಲ್ಲೂ ಪೌರತ್ವ. ಇದನ್ನೇ ದೀದಿಗೆ ಖುಷಿಯಿಂದ ಹೇಳಿದೆ.

ಅವರು ನನ್ನ ಕೈಗೆ ಎರಡು ತೊಳೆ ಇಟ್ಟು ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಮೊಮ್ಮಗಳ ನಾಗರಿಕತಾಗೆ ಎಷ್ಟು ವರ್ಷ ಅಲೆದೆವು ಗೊತ್ತಾ?" ಅಂದರು. ನಾಗರಿಕತಾ ಅಂದರೆ ಪೌರತ್ವದ ಕಾಗದ. ಅಳಿಯ ಮಗು ಹುಟ್ಟುವ ಮೊದಲೇ ಬಿಟ್ಟುಹೋದವನು. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಅಪ್ಪ ಎಲ್ಲಿ? ಆ ಒಂದು ಕಾಗದ ಇಲ್ಲದಿದ್ದರೆ ಪಾಸ್‌ಪೋರ್ಟ್ ಇಲ್ಲ, ಸರ್ಕಾರಿ ಕೆಲಸ ಇಲ್ಲ. "ಬಿದ್ಯಾ ನಮ್ಮವಳು ಅಂದುಕೊಂಡಿದ್ದೆವು. ಸಹಿ ಹಾಕಲಿಲ್ಲ ನೋಡು."

ನನ್ನ ಬಾಯಿ ಕಟ್ಟಿತು. ನಿಜ ಅಲ್ವಾ? 2022ರಲ್ಲಿ ಪೌರತ್ವ ತಿದ್ದುಪಡಿ ಮಸೂದೆ ಎರಡು ಸಲ ಪಾಸಾಗಿ ಅವರ ಮುಂದೆ ಹೋಯಿತು. ಅಪ್ಪನ ಪತ್ತೆ ಇಲ್ಲದಿದ್ದರೆ ತಾಯಿಯೇ ಹಾಗಂತ ಬರೆದುಕೊಟ್ಟು ಮಗುವಿಗೆ ಪೌರತ್ವ ಪಡೆಯುವ ದಾರಿಯೂ ಅದರಲ್ಲಿತ್ತು. ಎರಡನೇ ಸಲ ಬಂದರೆ 15 ದಿನದಲ್ಲಿ ಸಹಿ ಹಾಕಲೇಬೇಕು ಅನ್ನುತ್ತದೆ ಸಂವಿಧಾನ. ಸೆಪ್ಟೆಂಬರ್ 20ಕ್ಕೆ ಗಡುವು ಮುಗಿಯಿತು, ಸಹಿ ಬೀಳಲಿಲ್ಲ. ಸಂವಿಧಾನ ಕಾಪಾಡುವುದಕ್ಕೇ ಹಾಗೆ ಮಾಡಿದ್ದು ಅಂದರು ಅವರ ಕಡೆಯವರು. ಕೊನೆಗೆ ಸಹಿ ಬಿದ್ದದ್ದು 2023ರಲ್ಲಿ, ರಾಮಚಂದ್ರ ಪೌಡೆಲ್ ರಾಷ್ಟ್ರಪತಿಯಾದ ಮೇಲೆ.

ಮುಗ್ಲಿಂಗ್‌ನಲ್ಲಿ ದೀದಿ ಇಳಿದರು. ಇಳಿಯುವಾಗ ನನ್ನ ತಲೆ ಸವರಿದರು. ಬೆರಳಲ್ಲಿ ಇನ್ನೂ ಕಿತ್ತಳೆಯ ವಾಸನೆ ಇದೆ. ಗಂಡನಿಲ್ಲದೆ ಎರಡು ಮಕ್ಕಳನ್ನು ಸಾಕಿದ ತಾಯಿ ಬಿದ್ಯಾ. ಆ 15 ದಿನದಲ್ಲಿ ಯಾವುದಾದರೂ ಒಂದು ರಾತ್ರಿ, 2006ರ ತನ್ನದೇ ನಿರ್ಣಯವನ್ನು ತೆಗೆದು ಓದಿದ್ದರೆ...