ಗೇರುಬೀಜ ಸುಟ್ಟ ದಿನ

ನಮ್ಮ ವಿಜ್ಞಾನದ ಮಾಸ್ತರು ತೀರಿಹೋದ ಸುದ್ದಿ ಈ ಮಳೆಗಾಲದಲ್ಲಿ ಸಹಪಾಠಿಗಳ ವಾಟ್ಸಾಪ್ ಗುಂಪಿಗೆ ಬಂತು. ಓಮನ ನಿಯಮ, ಬೆಳಕಿನ ವಕ್ರೀಭವನ ಎಲ್ಲ ಅವರೇ ಕಲಿಸಿದ್ದು, ಎಲ್ಲ ಮರೆತುಹೋಗಿದೆ. ಉಳಿದಿರುವುದು ಶಾಲೆಯ ಹಿಂದಿನ ಗೊಬ್ಬರದ ಗುಂಡಿ, ಮತ್ತೆ "ಎಲ್ಲಿಂದ ಬಂತು ತಮಾ, ಎಲ್ಲಿಗೆ ಹೋಯ್ತು?" ಎಂಬ ಅವರ ಪ್ರಶ್ನೆ.

ಹತ್ತನೇ ತರಗತಿಯ ಮಾರ್ಚ್ ತಿಂಗಳು. ಗುಂಡಿಗೆಂದು ಗುಡಿಸಿಟ್ಟ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಬುಟ್ಟಿ ತುಂಬ ಎತ್ತಿಕೊಂಡು ಹೋಗಿ, ಬಾವಿಕಟ್ಟೆಯ ಆಚೆ ನಾವೊಂದಿಷ್ಟು ಹುಡುಗರು ಗೇರುಬೀಜ ಸುಡಲು ಕೂತೆವು. ಸಿಪ್ಪೆಯ ಎಣ್ಣೆಗೆ ಬೆಂಕಿ ತಗುಲಿ ಚಟಚಟ ಸಿಡಿಯಿತು, ಕಪ್ಪು ಹೊಗೆ ನೇರ ಮಾಸ್ತರರ ಕೋಣೆಯ ಕಿಟಕಿಗೇ ನುಗ್ಗಿತು. ಅವರು ಬಂದರು. ಕೈಯಲ್ಲಿ ಬೆತ್ತವಿರಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಒಂದು ಬೀಜ ಒಡೆದು ಬಾಯಿಗೆ ಹಾಕಿಕೊಂಡು ಕೇಳಿದರು: "ಈ ಉರಿ ಎಲ್ಲಿಂದ ಬಂತು?"

ಎಲೆಯಿಂದ, ಸರ್.

"ಎಲೆಗೆ?"

ಬಿಸಿಲಿನಿಂದ ಎಂದವನು ನಾನು.

"ಆರಿದ ಮೇಲೆ ಈ ಬಿಸಿಯನ್ನ ಹಿಡಿದು ಮರಕ್ಕೆ ವಾಪಸ್ ಕೊಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಬೂದಿಯನ್ನು ಮಾತ್ರ ಕೊಡಬಹುದು. ಅದನ್ನು ನಮ್ಮ ಕೈಯಲ್ಲೇ ತೆಂಗಿನ ಬುಡಕ್ಕೆ ಹಾಕಿಸಿದರು. ಪೊಟ್ಯಾಷ್, ಸುಣ್ಣ, ರಂಜಕ ಬಹುಪಾಲು ಬೂದಿಯಲ್ಲಿ ಉಳಿಯುತ್ತವೆ, ಸಾರಜನಕ ಹೆಚ್ಚುಕಡಿಮೆ ಪೂರ್ತಿ ಗಾಳಿಪಾಲು. ದರಕು ಗುಂಡಿಯಲ್ಲೇ ಕೊಳೆತಿದ್ದರೆ ಸಾರಜನಕದಲ್ಲೂ ಸಾಕಷ್ಟು ಮಣ್ಣಿಗೆ ದಕ್ಕುತ್ತಿತ್ತು ಎಂದು ಅಲ್ಲೇ ನಿಂತು ಹೇಳಿದರು. ಶಕ್ತಿಗೆ ಹೋಗುವ ದಾರಿ ಮಾತ್ರ, ಪೋಷಕಾಂಶಕ್ಕೆ ಮರಳುವ ದಾರಿಯೂ ಇದೆ. ಆ ಪಾಠಕ್ಕೆ ನಾನು ಪುಸ್ತಕ ತೆರೆದದ್ದೇ ಇಲ್ಲ, ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂತು.

ಅವರು ಪುಸ್ತಕವನ್ನೂ ಸುಮ್ಮನೆ ಒಪ್ಪಿದವರಲ್ಲ. ಪುಸ್ತಕದಲ್ಲಿ ಪೋಷಕಾಂಶ ಚಕ್ರ ದುಂಡಗೆ ಸುತ್ತುತ್ತಿತ್ತು. ಶಿರಸಿ ಸೀಮೆಯ ನಮಗೋ, ಸೊಪ್ಪಿನ ಬೆಟ್ಟದಿಂದ (ತೋಟದವರಿಗೆ ಸೊಪ್ಪು ತರಲು ಬಿಟ್ಟ ಕಾಡು) ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ, ಸಗಣಿ ಗಂಜಳದೊಡನೆ ಗೊಬ್ಬರವಾದದ್ದನ್ನು ಅಡಿಕೆ ತೋಟಕ್ಕೆ ಹೊರುವುದು ಮನೆಯ ಕೆಲಸ. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಇದೆ. "ತೋಟದ ಸತ್ವ ಅಡಿಕೆಯ ಜೊತೆ ಪೇಟೆಗೆ ಹೋಗ್ತದೆ, ಮಳೆಯಲ್ಲಿ ಹಳ್ಳಕ್ಕೆ ಹೋಗ್ತದೆ. ಬೆಟ್ಟದಿಂದ ತಂದದ್ದರಲ್ಲಿ ಬೆಟ್ಟಕ್ಕೆ ಎಷ್ಟು ವಾಪಸ್ ಕೊಟ್ರಿ?" ಎಂದು ಕೇಳಿದ್ದರು. ಮುಂದೆ ನಾನು ಮಣ್ಣು ವಿಜ್ಞಾನವನ್ನೇ ಆರಿಸಿಕೊಂಡು ಊರೂರಿನ ಮಣ್ಣು ಪರೀಕ್ಷಿಸುವ ಹುದ್ದೆಗೇರಿದ್ದಕ್ಕೆ ಈ ಪ್ರಶ್ನೆಯೇ ಕಾರಣ.

ಆಹಾರ ಸರಪಳಿಯ ಒಂದು ಹಂತದಿಂದ ಮುಂದಿನ ಹಂತಕ್ಕೆ ಸುಮಾರು ಶೇ. 10ರಷ್ಟು ಶಕ್ತಿ ಮಾತ್ರ ದಾಟುತ್ತದೆ ಎಂಬ ಲೆಕ್ಕದ ಹಿಂದೆ ಅಮೆರಿಕದ ರೇಮಂಡ್ ಲಿಂಡೆಮನ್ ಎಂಬ ತರುಣನಿದ್ದಾನೆಂದು ತಿಳಿದದ್ದು ಎಂಎಸ್ಸಿಗೆ ಬಂದ ಮೇಲೆ. ಮಿನ್ನೆಸೋಟದ ಪುಟ್ಟ ಕೆರೆಯೊಂದನ್ನು ವರ್ಷಗಟ್ಟಲೆ ಜಾಲಾಡಿದವನು. ಅವನ ಪ್ರಬಂಧ 1942ರಲ್ಲಿ ಅಚ್ಚಾಗುವ ಮೊದಲೇ, 26ರ ಹರೆಯದಲ್ಲಿ ತೀರಿಕೊಂಡ. ಇದನ್ನು ಹೇಳಲು ಮಾಸ್ತರರ ಮನೆಗೆ ಹೋದಾಗ ಅವರು ಬಹಳ ಹೊತ್ತು ಆ ಕೆರೆಯ ಬಗ್ಗೆಯೇ ಕೇಳುತ್ತಿದ್ದರು.

ಈಗ ಮಕ್ಕಳು ಶಕ್ತಿಯ ಪಿರಮಿಡ್ಡನ್ನು ಬಣ್ಣ ಬಳಿದು ಚೆಂದ ಬರೆಯುತ್ತಾರೆ, ಅಂಕವೂ ನಮಗಿಂತ ಜಾಸ್ತಿ. ಆದರೆ ಎಷ್ಟೋ ಶಾಲೆಗಳ ಅಂಗಳಕ್ಕೆ ಇಂಟರ್‌ಲಾಕ್ ಹಾಸಿ, ಉದುರಿದ ಎಲೆಯನ್ನು ಪ್ಲಾಸ್ಟಿಕ್ ಜೊತೆ ಸುಡುತ್ತಾರೆ. ನೋಡಿದರೆ ಸಂಕಟವಾಗುತ್ತದೆ. ನಮ್ಮ ಶಾಲೆಯ ಹಿತ್ತಿಲಲ್ಲಿ ಇನ್ನೂ ಜಾಗವಿದೆ. ಮುಖ್ಯಾಧ್ಯಾಪಕರು ಒಪ್ಪಿದರೆ ಗುಂಡಿ ತೋಡಿಸುವ ಖರ್ಚು ನನ್ನದು. ಬರುವ ಜೂನ್ ಒಳಗೆ ಒಂದು ಶನಿವಾರ ತಿಳಿಸಿ, ಮಣ್ಣು ಪರೀಕ್ಷೆಯ ಕಿಟ್ ಹಿಡಿದು ಬರುತ್ತೇನೆ.